ಹೆಸರು ಕೂಗಿದ ದಿನ

ಆಗಷ್ಟೇ ಹಿಂಜಿದ ಹತ್ತಿಯ ವಾಸನೆ. ಅದರಲ್ಲಿ ಹತ್ತಿಕಾಳಿನ ಜಿಡ್ಡು, ಬಿಸಿಲು, ಒಂದಿಷ್ಟು ಧೂಳು ಎಲ್ಲ ಕೂಡಿರುತ್ತಿದ್ದವು. ಐದು ವರ್ಷದವಳಿದ್ದಾಗ ಅಪ್ಪನ ಹೆಗಲೇರಿದರೆ ಅವನ ಕುತ್ತಿಗೆಯಿಂದ ಬರುತ್ತಿದ್ದ ವಾಸನೆ ಅದು. ಈಗ ಅರವತ್ತೇಳನೆಯ ವಯಸ್ಸಿನಲ್ಲಿ, ಹಾವೇರಿಯ ದೊಡ್ಡ ಆಸ್ಪತ್ರೆಯ ಹಿಂಬದಿಯ ಕಟ್ಟೆಯ ಮೇಲೆ ಕೂತು ತಮ್ಮನ ಬಟ್ಟೆಯ ಗಂಟು ಬಿಚ್ಚುತ್ತಿದ್ದ ಮಹಮೂದಾಬೇಗಂಗೆ ಅದು ಒಮ್ಮೆಲೇ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು.

“ಎಲ್ಲಾ ಅದಾವೇನ ನೋಡ್ಕೋರಿ ಅವ್ವಾರ. ಆಮ್ಯಾಲ ಸಹಿ ಮಾಡ್ರಿ,” ಎಂದ ಆಸ್ಪತ್ರೆಯ ಆಳು.

ಒಂದು ಅಂಗಿ, ಲುಂಗಿ, ಬಿಳಿ ಟೊಪ್ಪಿಗೆ, ಕೈಗಡಿಯಾರ. ಅಂಗಿಯ ಕಿಸೆಯಲ್ಲಿ ಹತ್ತಿಯ ಉಂಡೆಯಂಥದೇನೋ ಇತ್ತು. ಅವಳು ಅದನ್ನು ಮುಟ್ಟಿ ನೋಡಿದಳು.

“ಚಾಳೀಸು ಅದು. ಒಡದೀತು ಅಂತ ನಾನ ಹತ್ತ್ಯಾಗ ಸುತ್ತಿ ಇಟ್ಟೇನ್ರಿ.”

ಅವಳು ತಲೆಯೆತ್ತಿ ಆ ಮನುಷ್ಯನನ್ನು ನೋಡಿದಳು. ದಿನವೂ ಇಂಥ ಎಷ್ಟು ಗಂಟು ಕಟ್ಟಿಕೊಡುತ್ತಾನೋ. ಇನ್ನೆಂದೂ ಕಣ್ಣಿಗೇರದ ಕನ್ನಡಕ ಒಡೆಯಬಾರದೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು? ಏನಾದರೂ ಅನ್ನಬೇಕೆನ್ನುವಷ್ಟರಲ್ಲಿ ಅವನು ಪಕ್ಕದ ಬೆಂಚಿನಲ್ಲಿ ಅಳುತ್ತಿದ್ದವರ ಬಳಿ ಹೋಗಿದ್ದ.

ಹಿಂದಿನ ದಿನ ಮಧ್ಯಾಹ್ನ ಬ್ಯಾಡಗಿಯಲ್ಲಿ ಅವಳ ತಮ್ಮ ಕಾಸೀಮಸಾಬ ತನ್ನ ಜೀವ ತಾನೇ ತೆಗೆದುಕೊಂಡಿದ್ದ. ಅರವತ್ತೊಂದು ವರ್ಷ. ಗಾದಿ ಹೊಲಿಯುವ ಕಸುಬು. ಪೊಲೀಸರು ಬಂದು ಬರೆದುಕೊಂಡು, ಪರೀಕ್ಷೆಗೆಂದು ಇಲ್ಲಿಗೆ ಕಳಿಸಿದ್ದರು. ಮಹಮೂದಾ ರಾಣೇಬೆನ್ನೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. ಕಾಸೀಮನ ಒಬ್ಬಳೇ ಮಗಳು ಸಲ್ಮಾ, ಅವನ ಹೆಂಡತಿಯ ಅಣ್ಣ ಅಲ್ಲಾವುದ್ದೀನ ಇಬ್ಬರೂ ಅವಳಿಗಿಂತ ಮೊದಲೇ ಬಂದು ಗೋಡೆಗೆ ಆತು ನಿಂತಿದ್ದರು.

ಹತ್ತೂವರೆಗೆ ಆಂಬುಲೆನ್ಸು ಹೆದ್ದಾರಿ ಹಿಡಿಯಿತು. ಮೂವರೂ ಹಿಂದೆ ಕಾಸೀಮಸಾಬನ ಎಡಬಲಕ್ಕೆ ಕೂತಿದ್ದರು. ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಯ ದಾರಿಗೆ ಹೊರಳಿದ ಮೇಲೆ ಚಾಲಕ ಪ್ರತಿ ಉಬ್ಬಿಗೂ ಗಾಡಿಯನ್ನು ನಿಲ್ಲಿಸಿದಷ್ಟು ನಿಧಾನ ಮಾಡಿ ದಾಟಿಸುತ್ತಿದ್ದ. ಒಳಗೆ ಮಲಗಿದವನಿಗೆ ಎಚ್ಚರವಾದೀತು ಎಂಬಂತೆ.

“ಅಕ್ಕೋರ, ಒಂದ್ ಮಾತು,” ಎಂದ ಅಲ್ಲಾವುದ್ದೀನ. ಮಹಮೂದಾ ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಕಲಿಸಿದವಳು; ಬೀಗರಾದರೂ ಅವನು ಅವಳನ್ನು ಕರೆಯುವುದು ಹಾಗೆಯೇ. “ಮನಿಗೆ ಒಯ್ದು, ನೀರು ಹಾಕಿ, ಸೀದಾ ಕಬರಸ್ತಾನಕ್ಕ ಹೋಗೂಣು. ಮಸೂತಿ ಮೈಕಿನ್ಯಾಗ ಹೆಸರು ಕೂಗಸೂದು ಬ್ಯಾಡ.”

“ಯಾಕ?”

“ಯಾಕ ಅಂದ್ರ... ಕೂಗಿಸಿದ್ರ ಮಂದಿ ಬರ್ತಾರ. ಬಂದವರು ಹೆಂಗಾತು ಅಂತ ಕೇಳ್ತಾರ.”

“ನಮಾಜು?”

“ಮನಿ ಮಂದಿ ನಾಲ್ಕೈದು ಜನ ಅಲ್ಲೇ ನಿಂತು ಮುಗಿಸಿದ್ರಾತು.”

“ಮಾಮಾ, ಕಳ್ಳ ಮಾಲು ಸಾಗಿಸಿದಂಗ ಸಾಗಸೂದೇನ ನಮ್ಮಪ್ಪನ್ನ?” ಎಂದಳು ಸಲ್ಮಾ.

“ನಿನಗ ಗೊತ್ತಾಗೂದಿಲ್ಲ ಸುಮ್ನಿರವಾ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಜಿಕೆ ಇತ್ತು. ಅರವತ್ಮೂರು ವರ್ಷದ, ವೆಲ್ಡಿಂಗ್ ಕೆಲಸದಲ್ಲಿ ಬೆರಳೆಲ್ಲ ಕಪ್ಪಾದ ಆ ಗಂಡಸು ಯಾವುದಕ್ಕೆ ಇಷ್ಟು ಅಂಜುತ್ತಾನೆ ಎಂದು ಮಹಮೂದಾಗೆ ತಿಳಿಯಲಿಲ್ಲ.

ಅವರ ಓಣಿಯಲ್ಲಿ ಯಾರು ತೀರಿಕೊಂಡರೂ ಮಸೀದಿಯ ಮೈಕಿನಲ್ಲಿ ಸತ್ತವರ ಹೆಸರು, ತಂದೆಯ ಹೆಸರು, ಜನಾಜಾ ನಮಾಜಿನ ಹೊತ್ತು ಕೂಗುವುದು ರೂಢಿ. ಕೇಳಿದವರು ಕೈಯೊಳಗಿನ ಕೆಲಸ ಬಿಟ್ಟು ಬರುತ್ತಾರೆ. ದೇಹವನ್ನು ಮುಂದಿಟ್ಟುಕೊಂಡು, ಅದರ ಹಿಂದೆ ಸಾಲಾಗಿ ನಿಂತು, ಹೋದವನಿಗಾಗಿ ಬೇಡಿಕೊಳ್ಳುತ್ತಾರೆ. ಪರಿಚಯವಿರಲಿ, ಇಲ್ಲದಿರಲಿ, ಹೆಸರು ಕೇಳಿತೆಂದರೆ ಸಾಕು. ಇಷ್ಟು ದೊಡ್ಡದನ್ನು ಇಷ್ಟು ಸರಳ ಮಾಡಿಟ್ಟವರು ಯಾರೋ ಎಂದು ಅವಳು ಎಷ್ಟೋ ಸಲ ಬೆರಗಾಗಿದ್ದುಂಟು. ಈಗ ತಮ್ಮನಿಗೆ ಅದು ತಪ್ಪಿಹೋಗುವುದರಲ್ಲಿತ್ತು.

*

ನಾಲ್ಕು ತಿಂಗಳ ಹಿಂದೆ ಅವನು ಹೇಳದೆ ಕೇಳದೆ ರಾಣೇಬೆನ್ನೂರಿಗೆ ಬಂದಿದ್ದ. ಅಂಗಳದಲ್ಲಿ ಮಹಮೂದಾ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವನೂ ಎದುರು ಕೂತು ನಾಲ್ಕು ಕಾಯಿ ತೆಗೆದುಕೊಂಡ. ಬಹಳ ಹೊತ್ತು ಸುಲಿದ. ಕಾಳು ಸಿಪ್ಪೆಯ ಬುಟ್ಟಿಗೂ ಸಿಪ್ಪೆ ಕಾಳಿನೊಳಗೂ ಬೀಳುತ್ತಿತ್ತು.

“ಅಕ್ಕಾ, ನಿದ್ದಿ ಬರವಲ್ದು.”

ಅವಳು ನಕ್ಕುಬಿಟ್ಟಳು. “ಗಾದಿ ಮಾಡಾವಗ ನಿದ್ದಿ ಬರವಲ್ದೇನ? ಮತ್ತ ಗಿರಾಕಿ ಗತಿ ಏನೋ?”

ಅವನೂ ನಕ್ಕ. ಅಕ್ಕ ನಕ್ಕಾಗ ನಗುವುದು ಅವನಿಗೆ ಸಣ್ಣಂದಿನ ಅಭ್ಯಾಸ.

“ಎಷ್ಟ ದಿನಾತು?”

“ಭಾಳ ದಿನಾತು. ಎದಿ ಮ್ಯಾಲ ಒದ್ದಿ ಹತ್ತಿ ಹೇರಿದಂಗ ಆಗತೈತಿ.”

“ಹಾಲಿಗೆ ಒಂಚೂರು ಜಾಜಿಕಾಯಿ ತೇದು ಕುಡಿ. ನಮಾಜ್ ಮುಗಿಸಿ, ಮನಸ್ನ್ಯಾಗ ಏನೂ ಇಟ್ಕೊಳ್ಳಾರದ ಮಲ್ಕೋ. ವಯಸ್ಸಾತಲ್ಲ, ಎಲ್ಲಾರಿಗೂ ಹಂಗ ಆಗತೈತಿ.”

ಅವನು “ಹೂಂ” ಅಂದ. ಊಟ ಮಾಡಿದ. ಹೊರಡುವ ಮುಂಚೆ ಅವಳ ಗಾದಿಯನ್ನು ಬಿಸಿಲಿಗೆಳೆದು, ಎರಡೂ ಮಗ್ಗುಲಿಗೆ ಕೋಲಿನಿಂದ ಬಡಿದು, ಮತ್ತೆ ಹಾಸಿ ಹೋದ.

ಮರುದಿನ ಅವಳು ಅದನ್ನು ನೆರೆಮನೆಯವಳಿಗೆ ನಗೆಯ ಮಾತಾಗಿ ಹೇಳಿದಳು: ಊರಿಗೆಲ್ಲ ನಿದ್ದೆ ಹೊಲಿದುಕೊಡುವವನಿಗೆ ನಿದ್ದೆಯಿಲ್ಲವಂತೆ. ಇಬ್ಬರೂ ನಕ್ಕರು. ನಿನ್ನೆ ಫೋನು ಬಂದಾಗ ಮೊದಲು ನೆನಪಾದದ್ದು ತಮ್ಮನ ಮುಖವಲ್ಲ, ಆ ನಗು.

*

ಬ್ಯಾಡಗಿಯ ಮನೆಯ ಮುಂದೆ ಆಂಬುಲೆನ್ಸು ನಿಂತಾಗ ಓಣಿ ಖಾಲಿಯಿತ್ತು. ನಾಲ್ಕು ಜನ ಗಂಡಸರು ದೇಹವನ್ನು ಇಳಿಸಿ ಹಿತ್ತಲಿಗೆ ಒಯ್ದರು. ಅಲ್ಲಿ ಸೀರೆಯ ಮರೆ ಕಟ್ಟಿತ್ತು. ಒಳಗಿನ ಕೋಣೆಯಲ್ಲಿ ಕಾಸೀಮನ ಹೆಂಡತಿ ಸಕೀನಾಬಿ ಗೋಡೆಗೊರಗಿ ಕೂತಿದ್ದಳು, ಅಳು ಮುಗಿದ ಮುಖ. ಮಹಮೂದಾ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿಗೆ ಮಸೀದಿಯ ಹಿರಿಯ ಶಮಶೇರಸಾಬರು ಕೋಲೂರಿಕೊಂಡು ಬಂದು ಪಡಸಾಲೆಯಲ್ಲಿ ಕೂತರು. ಮಹಮೂದಾ ಎದ್ದು ಅಲ್ಲಿಗೆ ಬಂದಳು.

“ಹಜರತರನ್ನ ಕೇಳಿ ಬಂದೇನ್ರಿ ಅಕ್ಕೋರ,” ಎಂದರು. ಹಜರತರೆಂದರೆ ಮಸೀದಿಯಲ್ಲಿ ನಮಾಜು ಓದಿಸುವವರು. “ನಮಾಜ್ ಆಗಬೇಕು, ಬಿಡೂ ಹಂಗಿಲ್ಲ ಅಂದ್ರು. ಆದರ ತಾವು ಮುಂದ ನಿಂತು ಓದಸೂದಿಲ್ಲಂತ. ತಾವು ನಿಂತ್ರ ಹುಡುಗೂರು ಇಂಥಾದ್ದನ್ನ ಹಗುರ ತಿಳಿದಾರು ಅಂತ ಅವರ ಅಂಜಿಕಿ. ಮಂದ್ಯಾಗ ತಿಳಿದವರು ಯಾರರ ಒಬ್ಬರು ಮುಂದ ನಿಲ್ಲಲಿ ಅಂದ್ರು.”

“ನೀವ ನಿಲ್ರಿ ಕಾಕಾ.”

“ನಾ ಕುರ್ಚಿ ಮ್ಯಾಲ ಕುಂತು ಓದಾಂವ, ಮುಂದ ಹೆಂಗ ನಿಲ್ಲಲಿ? ಮಣಕಾಲು ಎರಡೂ ಹೋಗ್ಯಾವ.”

ಹಿತ್ತಲಿನಿಂದ ಅಲ್ಲಾವುದ್ದೀನ ಬಂದ. ತೋಳಿನ ತನಕ ಒದ್ದೆ. “ಅದಕ್ಕ ನಾ ಹೇಳಿದ್ದು. ಹೆಸರು ಕೂಗಸೂದು, ಊರ ಮಂದಿ ಕೂಡಸೂದು, ಆಮ್ಯಾಲ ಮುಂದ ಯಾರೂ ಬರಲಾರದ ಒಬ್ಬರ ಮಾರಿ ಒಬ್ಬರು ನೋಡ್ಕೋಂತ ನಿಲ್ಲೂದು. ಸತ್ತಾವಗ ಆ ಅವಮಾನ ಬ್ಯಾರೆ ಬೇಕೇನ್ರಿ?”

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

“ಸಕೀನಾ, ನೀ ಏನಂತಿ?” ಎಂದು ಒಳಗಿನ ಕಡೆ ಮುಖಮಾಡಿ ಕೇಳಿದರು ಶಮಶೇರಸಾಬರು.

“ಅಕ್ಕಾರು ಹೆಂಗ ಹೇಳ್ತಾರ ಹಂಗ,” ಎಂಬ ದನಿ ಬಂತು.

ಮಹಮೂದಾ ನೆಲ ನೋಡುತ್ತ ಕೂತಳು. ಒಂದು ಸಲ ಅವನನ್ನು ನಗೆಪಾಟಲು ಮಾಡಿಯಾಗಿದೆ. ಈಗ ಇಡೀ ಊರ ಮುಂದೆ ಅವನನ್ನು ಮಲಗಿಸಿ, ಯಾರೂ ಮುಂದೆ ಬರದೆ ಹೋದರೆ? ಸುಮ್ಮನಿದ್ದುಬಿಟ್ಟರೆ ಆ ಭಯವಿಲ್ಲ. ಎರಡು ವಾರ ಕಳೆದರೆ ಊರು ಮರೆಯುತ್ತದೆ. ಆದರೆ ಮರೆಯಬೇಕಾದದ್ದು ಏನನ್ನು? ಅವನನ್ನೇ?

“ಕೂಗಸ್ರಿ ಕಾಕಾ,” ಎಂದಳು.

“ಮಂದಿ ಕೇಳಿದ್ರ?” ಅಲ್ಲಾವುದ್ದೀನನ ದನಿ ಗಟ್ಟಿಯಾಯಿತು.

“ನಾ ಬಾಗಿಲದಾಗ ಕುಂದರ್ತೇನಿ. ಕೇಳಿದವರಿಗೆ ನಾ ಹೇಳ್ತೇನಿ.”

ಅವನು ತಿರುಗಿ ಹಿತ್ತಲಿಗೆ ಹೋದ. ನೀರು ಹೊಯ್ಯುವ ಸದ್ದು ಮತ್ತೆ ಶುರುವಾಯಿತು. ಸಾವಕಾಶ, ಒಂದೊಂದೇ ತಂಬಿಗೆ.

ಹನ್ನೊಂದೂ ಮುಕ್ಕಾಲಿಗೆ ಮೈಕು ಒಮ್ಮೆ ಕೆಮ್ಮಿದಂತೆ ಮಾಡಿ ತೆರೆದುಕೊಂಡಿತು. ಮಹಮ್ಮದಗೌಸ ನದಾಫ ಅವರ ಮಗ ಕಾಸೀಮಸಾಬ ನದಾಫ ಅವರು ತೀರಿಕೊಂಡಿದ್ದಾರೆ, ಮಧ್ಯಾಹ್ನದ ನಮಾಜಿನ ನಂತರ ಮಸೀದಿಯ ಮುಂದಿನ ಬಯಲಿನಲ್ಲಿ ಜನಾಜಾ ನಮಾಜು. ಎರಡು ಸಲ ಹೇಳಿದರು. ಅಪ್ಪನ ಹೆಸರೂ ತಮ್ಮನ ಹೆಸರೂ ಒಟ್ಟಿಗೆ ಮಾಳಿಗೆಗಳ ಮೇಲೆ ಹಾದು ಹೋದವು. ಬದುಕಿದ್ದಾಗ ಅವನ ಪೂರ್ತಿ ಹೆಸರನ್ನು ಯಾರೂ ಇಷ್ಟು ಗಟ್ಟಿಯಾಗಿ ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಗಾದಿ ಕಾಸೀಮ ಅಂದರೆ ಮುಗಿದುಹೋಗುತ್ತಿತ್ತು.

ಮೊದಲು ಬಂದವಳು ಪಕ್ಕದ ಮನೆಯ ಸುಶೀಲವ್ವ. ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಹೊಸ್ತಿಲ ಹತ್ತಿರ ಕುಕ್ಕರಿಸಿದಳು.

“ಹೆಂಗಾತ್ರೀ ಅಕ್ಕೋರ? ಮೊನ್ನಿ ನಮ್ಮ ತೆಲಿದಿಂಬು ಕೊಟ್ಟು ಹೋದಾಂವ ಅಂವ.”

ಮಹಮೂದಾ ಉಸಿರೆಳೆದುಕೊಂಡಳು. “ಭಾಳ ದಿನದಿಂದ ಮನಸ್ಸಿಗೆ ಆರಾಮ ಇದ್ದಿದ್ದಿಲ್ಲ ಸುಶೀಲವ್ವ. ತಾನ ಜೀವಾ ತಕ್ಕೊಂಡ.”

ಸುಶೀಲವ್ವ ಬಾಯಿಗೆ ಕೈ ಹಚ್ಚಿದಳು. ಆಮೇಲೆ ಮೆಲ್ಲಗೆ, “ಎದಿಗೆ ಬಂತು ಅಂದ್ಬಿಡ್ರಲ್ಲ. ಯಾರು ಹೊಳ್ಳಿ ನೋಡ್ತಾರ?” ಎಂದಳು.

“ಹಂಗಂದ್ರ ಅಂವ ಇಷ್ಟ ದಿನ ಸಹಿಸಿದ್ದು ಸುಳ್ಳ ಆಗತೈತಿ. ನನಗ ಬಂದು ಹೇಳಿದ್ದ. ನಾ ತಿಳಕೊಳ್ಳಲಿಲ್ಲ. ದವಾಖಾನಿಗೆ ಕರ್ಕೊಂಡು ಹೋಗಬೇಕಾಗಿತ್ತು, ಹಾಲು ಕುಡಿ ಅಂದೆ.”

ಮಹಮೂದಾಳ ಸೆರಗು ಹೊಸ್ತಿಲಿನ ಮೊಳೆಗೆ ಸಿಕ್ಕಿತ್ತು. ಸುಶೀಲವ್ವ ಅದನ್ನು ಹರಿಯದಂತೆ ಬಿಡಿಸಿದಳು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೇಳಿದವರಿಗೆಲ್ಲ ಮಹಮೂದಾ ಅದನ್ನೇ ಹೇಳಿದಳು. ಮೆಣಸಿನಕಾಯಿ ಪೇಟೆಯಿಂದ ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಏಳೆಂಟು ಜನ ಉಟ್ಟ ಸೀರೆಯಲ್ಲೇ ಬಂದಿದ್ದರು. ಅವರ ಮೈಮೇಲಿನ ಕೆಂಪು ಧೂಳಿಗೆ ಪಡಸಾಲೆಯಲ್ಲಿ ಕೂತವರೆಲ್ಲ ಒಬ್ಬರಾದ ಮೇಲೆ ಒಬ್ಬರು ಸೀನತೊಡಗಿದರು.

“ಅಳಾಕ ಬಂದ್ರ ಸೀನಸಾಕತ್ತೇವಲ್ರೀ,” ಎಂದಳೊಬ್ಬಳು ನಾಚಿಕೊಂಡು. ಸಾವಿನ ಮನೆಯಲ್ಲಿ ಸಣ್ಣದೊಂದು ನಗು ಹಾದುಹೋಯಿತು. ಅದರ ಬೆನ್ನಿಗೇ ಮಾತು ಬಿಚ್ಚಿಕೊಂಡಿತು.

“ಗಾದಿ ನೋಡಿ ಮಲಗಾವರ ಗುಣಾ ಹೇಳ್ತಿದ್ದ ನಮ್ಮ ಕಾಸೀಮಣ್ಣ,” ಎಂದಳು ಸುಶೀಲವ್ವ. “ನಮ್ಮ ಮನಿಯವರದ್ದು ಹಿಂಜಾಕ ಬಿಚ್ಚಿ, ‘ವೈನಿ, ಇವರು ಇಡೀ ಗಾದಿ ತಾವ ಆಕ್ರಮಣ ಮಾಡ್ಯಾರ, ನೀವು ಅಂಚಿನ್ಯಾಗ ಮಲಗೂದು ಬಿಡ್ರಿ, ಸೊಂಟಾ ಹೋಕ್ಕೈತಿ’ ಅಂದ. ಅವರ ಮುಂದ!”

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅವಳ ಗಂಡ ವಿರೂಪಾಕ್ಷಪ್ಪ ಅಲ್ಲಿಂದಲೇ, “ಅವತ್ತಿನಿಂದ ಗಾದಿ ಎರಡಾದುವು. ಮನಿ ಒಡದಾಂವ ಅಂವ,” ಎಂದು, ಟವೆಲಿನಿಂದ ಕಣ್ಣೊರೆಸಿಕೊಂಡ.

“ನಮ್ಮವ್ವ ಸತ್ತಾಗ ಅಕಿ ಗಾದಿ ಯಾರೂ ಮುಟ್ಟಲಿಲ್ಲ,” ಎಂದಳು ಪೇಟೆಯ ಹೆಂಗಸೊಬ್ಬಳು. “ಹಳ್ಳಕ್ಕ ಒಗಿರಿ ಅಂದ್ರು. ಅಣ್ಣಾರು ಬಂದು ಹೊತ್ಕೊಂಡು ಹೋಗಿ, ಹಿಂಜಿ, ಬಿಸಲಿಗೆ ಹಾಕಿ, ನಾವು ನಾಲ್ಕು ಮಂದಿ ಅಕ್ಕತಂಗೇರಿಗೆ ನಾಲ್ಕು ದಿಂಬು ಮಾಡಿ ತಂದ್ರು. ‘ಹತ್ತಿಗೆ ಸಾವಿಲ್ಲ ತಂಗಿ, ಬಡದ್ರ ಮತ್ತ ಏಳತೈತಿ’ ಅಂದ್ರು.”

“ನಮ್ಮ ಮಾವಂದೂ ಹಂಗ ಮಾಡ್ಯಾರ,” ಎಂದಳು ಇನ್ನೊಬ್ಬಳು.

“ನಮ್ದೂ.”

ಮಹಮೂದಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಮ್ಮಿಬ್ಬರ ಅವ್ವನ ಗಾದಿಯನ್ನು ಅವನು ಹಾಗೆಯೇ ಎರಡು ದಿಂಬು ಮಾಡಿ ಒಂದನ್ನು ಅವಳಿಗೆ ತಂದುಕೊಟ್ಟಿದ್ದ. ಅಕ್ಕನ ಮೇಲಿನ ಪ್ರೀತಿಗೆ ಮಾಡಿದ್ದೆಂದುಕೊಂಡಿದ್ದಳು. ಊರ ತುಂಬ ಮಾಡಿಕೊಟ್ಟಿದ್ದಾನೆ! ಹೋದವರ ಮೈಯ ಬಿಸಿ ಉಂಡ ಹತ್ತಿಯ ಮೇಲೆ ತಲೆಯಿಟ್ಟು ಈ ಊರಿನಲ್ಲಿ ಎಷ್ಟು ಜನ ಮಲಗುತ್ತಾರೋ. ಅವನು ಯಾರಿಗೂ ಹೇಳಿಕೊಂಡವನಲ್ಲ.

ಸಲ್ಮಾ ಬಂದು ಅವಳ ತೋಳು ಹಿಡಿದಳು. “ಅತ್ತಿ, ಒಂಚೂರು ಒಳಗ ಬರ್ರಿ.”

ಹಿಂದಿನ ಸಣ್ಣ ಕೋಣೆಯಲ್ಲಿ ಕಾಸೀಮಸಾಬನ ಹಾಸಿಗೆ ಹಾಸಿದಂತೆಯೇ ಇತ್ತು.

“ಕೈ ಹಚ್ಚಿ ನೋಡ್ರಿ. ಹೋದ ವರ್ಷ ರಂಜಾನದಾಗ ಹಿಂಜಿದ್ದು. ತಗ್ಗು ಬಿದ್ದಿಲ್ಲ. ಹೊಸಾದಿದ್ದಂಗ ಐತಿ.” ಅವಳ ದನಿ ಒಡೆಯಿತು. “ಅಪ್ಪ ಇದರ ಮ್ಯಾಲ ಮಲಗೇ ಇಲ್ಲ ಅತ್ತಿ. ಊರ ಮಂದಿ ಗಾದಿ ನೋಡಿ ಎಲ್ಲಾ ಹೇಳ್ತಿದ್ದ. ಅವನ ಗಾದಿ ಯಾರೂ ನೋಡ್ಲಿಲ್ಲ.”

ಮಹಮೂದಾ ಆ ಸಪಾಟು ಹಾಸಿಗೆಯ ಮೇಲೆ ಅಂಗೈಯಿಟ್ಟಳು. ಹತ್ತಿ ಒಳಗಿನಿಂದ ಮೆಲ್ಲಗೆ ಅವಳ ಕೈಯನ್ನು ಎತ್ತಿತು. ತಮ್ಮನ ಮಗಳನ್ನು ತಬ್ಬಿಕೊಂಡು ಅವಳು ಆ ದಿನ ಮೊದಲ ಸಲ ಜೋರಾಗಿ ಅತ್ತಳು.

*

ಅವನು ಏಳು ವರ್ಷದವನಿದ್ದಾಗ ಇಬ್ಬರೂ ಅಪ್ಪನ ಹಿಂಜಿದ ಹತ್ತಿಯ ರಾಶಿಗೆ ಜಿಗಿಯುತ್ತಿದ್ದರು. ಅಪ್ಪ ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟು ಬೈಯಲು ಬಂದರೆ ಮಹಮೂದಾ ಓಡಿಹೋಗುತ್ತಿದ್ದಳು. ಕಾಸೀಮ ಓಡುತ್ತಿರಲಿಲ್ಲ. ರಾಶಿಯೊಳಗೆ ಮುಳುಗಿ ಉಸಿರು ಬಿಗಿಹಿಡಿದು ಕೂತುಬಿಡುತ್ತಿದ್ದ. ಅಪ್ಪ ಬೇಕೆಂದೇ ಆ ಕಡೆ ಈ ಕಡೆ ಹುಡುಕುತ್ತಿದ್ದ. “ಎಲ್ಲಿ ಹೋದನಪಾ ನಮ್ಮ ಕಾಸೀಮ?” ಎಂದು ಮೂರು ಸಲ ಕೂಗುವ ತನಕ ಅವನು ಹೊರಗೆ ಬರುತ್ತಿರಲಿಲ್ಲ. ಮೂರನೆಯದಕ್ಕೆ ತಲೆ ಹೊರಹಾಕುತ್ತಿದ್ದ. ರೆಪ್ಪೆಗೆಲ್ಲ ಹತ್ತಿ.

*

ಒಂದೂವರೆಗೆ ಅವನನ್ನು ಹೊತ್ತೊಯ್ದರು. ಸಕೀನಾ ಕೂತಲ್ಲಿಂದಲೇ ಕೊನೆಯ ಸಲ ಮುಖ ನೋಡಿದಳು.

“ಅಕ್ಕೋರ, ನಮ್ಮ ಮಾಳಗಿ ಮ್ಯಾಲಿಂದ ಬಯಲು ಕಾಣತೈತಿ,” ಎಂದು ಸುಶೀಲವ್ವ ಕಿವಿಯಲ್ಲಿ ಹೇಳಿದಳು. ತನ್ನ ದೇವರ ಕೋಣೆಯ ಪಕ್ಕದ ಮೆಟ್ಟಿಲಿನಿಂದಲೇ ಮಹಮೂದಾಳನ್ನೂ ಸಲ್ಮಾಳನ್ನೂ ಹತ್ತಿಸಿದಳು. ಮಹಮೂದಾಳ ಮೊಣಕಾಲು ನೋಯುವುದೆಂದು ಹಿಂದಿನಿಂದ ಸೊಂಟಕ್ಕೆ ಕೈಕೊಟ್ಟಳು.

ಮಹಮೂದಾ ಮೇಲೆ ಹೋಗಿ ಕಟ್ಟೆ ಹಿಡಿದು ಬಗ್ಗಿ ನೋಡಿದಳು.

ಬಯಲು ತುಂಬಿತ್ತು. ಬಿಳಿ ಟೊಪ್ಪಿಗೆಗಳ ಸಾಲು, ಅದರ ಹಿಂದೆ ಸಾಲು, ಅದರ ಹಿಂದೆಯೂ. ಗ್ಯಾರೇಜಿನವರು, ಗಾಡಿಯವರು, ಹಮಾಲರು. ಟೊಪ್ಪಿಗೆ ಇಲ್ಲದವರು ಕರವಸ್ತ್ರ ಕಟ್ಟಿಕೊಂಡಿದ್ದರು. ಕೊನೆಯ ಸಾಲಿನಲ್ಲಿ, ಎಲ್ಲರಂತೆ, ಹಜರತರೂ ನಿಂತಿದ್ದರು. ಬಯಲಿನ ಅಂಚಿಗೆ ವಿರೂಪಾಕ್ಷಪ್ಪನೂ ಓಣಿಯ ಉಳಿದ ಗಂಡಸರೂ ಚಪ್ಪಲಿ ಕಳಚಿ, ತಲೆಗೆ ಟವೆಲು ಹಾಕಿಕೊಂಡು ನಿಂತಿದ್ದರು. ಇಷ್ಟು ಜನಕ್ಕೆ ಅವಳ ತಮ್ಮ ಗೊತ್ತಿದ್ದ. ಅವರೆಲ್ಲರ ನಡುವೆ ಅವನು ಒಬ್ಬಂಟಿಯಾಗಿದ್ದ. ಎರಡೂ ನಿಜವಾಗಿರುವುದು ಹೇಗೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಎಲ್ಲರ ಮುಂದೆ ಬಿಳಿಬಟ್ಟೆ ಹೊದ್ದ ಕಾಸೀಮಸಾಬ. ಅವನಿಗೂ ಮೊದಲ ಸಾಲಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿಯಿತ್ತು.

“ಯಾರು ಮುಂದ ನಿಲ್ತೀರಿ?” ಶಮಶೇರಸಾಬರ ಮುದಿದನಿ ಮಾಳಿಗೆಯ ತನಕ ಕೇಳಿಸಿತು.

ಯಾರೂ ಅಲುಗಲಿಲ್ಲ.

“ಯಾರರ ಒಬ್ಬರು ಬರ್ರಪಾ. ಅಂವ ಕಾಯಾಕತ್ತಾನ.”

ಒಂದಿಬ್ಬರು ಪಕ್ಕದವರ ಮುಖ ನೋಡಿದರು. ಒಬ್ಬ ಬಗ್ಗಿ ಪ್ಯಾಂಟಿನ ಅಂಚು ಸರಿಮಾಡಿಕೊಂಡ. ಬಂದವರು ಪ್ರೀತಿಯಿಂದಲೇ ಬಂದಿದ್ದರು. ಆದರೆ ಮುಂದೆ ನಿಲ್ಲುವುದೆಂದರೆ ಇಡೀ ಊರಿನ ಕಣ್ಣಿಗೆ ಬೀಳುವುದು, ನಾಳೆ ಜವಾಬು ಹೇ‌ಳುವುದು. ಸಲ್ಮಾ ಅತ್ತೆಯ ಕೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದಳು. ಅಲ್ಲಾವುದ್ದೀನ ಹೇಳಿದಂತೆಯೇ ಆಯಿತು ಎಂದುಕೊಂಡಳು ಮಹಮೂದಾ. ನಾನೇ ಮಾಡಿದೆ. ಎರಡನೆಯ ಸಲವೂ ನಾನೇ.

ಆಗ ಮೊದಲ ಸಾಲಿನ ತುದಿಯಿಂದ ಒಬ್ಬ ಹೊರಗೆ ಬಂದ. ಎರಡು ಹೆಜ್ಜೆಯಿಟ್ಟು ನಿಂತ. ಮತ್ತೆ ನಡೆದ. ಅಂಗಿಯ ತೋಳು ಇನ್ನೂ ಒದ್ದೆಯಿತ್ತು.

“ಮಾಮಾ,” ಎಂದಳು ಸಲ್ಮಾ, ಉಸಿರಿನಲ್ಲಿ.

ಅಲ್ಲಾವುದ್ದೀನ ಖಾಲಿ ಜಾಗಕ್ಕೆ ಬಂದು ಸಾಲುಗಳಿಗೆ ಬೆನ್ನುಮಾಡಿ, ಕಾಸೀಮಸಾಬನಿಗೆ ಎದುರಾಗಿ ನಿಂತ. ಕಪ್ಪು ಬೆರಳಿನ ಎರಡೂ ಕೈಗಳನ್ನು ಕಿವಿಯವರೆಗೆ ಎತ್ತಿದ. ಮೊದಲ ಮಾತು ಅರ್ಧಕ್ಕೇ ಒಡೆಯಿತು. ಮತ್ತೆ ಶುರುಮಾಡಿದ. ಅವನ ಹಿಂದೆ ನೂರಾರು ಕೈಗಳು ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು.

ಈ ನಮಾಜಿನಲ್ಲಿ ಬಾಗುವುದಿಲ್ಲ, ಹಣೆಯನ್ನು ನೆಲಕ್ಕೆ ಹಚ್ಚುವುದಿಲ್ಲ; ನಿಂತೇ ಮುಗಿಸುವುದು. ಮೇಲಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲವೆಂದೇ ಕಾಣುತ್ತದೆ. ಒಂದು ಊರಿನ ಗಂಡಸರೆಲ್ಲ ಬಿಸಿಲಿನಲ್ಲಿ ಕೈಕಟ್ಟಿ ಸುಮ್ಮನೆ ನಿಂತಿದ್ದಾರೆ. ಅಷ್ಟು ಜನರ ಅಷ್ಟು ದೊಡ್ಡ ಸುಮ್ಮನಿರುವಿಕೆಯನ್ನು ಮಹಮೂದಾ ಬದುಕಿನಲ್ಲಿ ಕಂಡಿರಲಿಲ್ಲ. ಪಕ್ಕದಲ್ಲಿ ಸುಶೀಲವ್ವ ತನಗೆ ಗೊತ್ತಿದ್ದ ರೀತಿಯಲ್ಲಿ ಕೈ ಮುಗಿದಿದ್ದಳು.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರೇ ಹೋದರು. ನಾಲ್ಕು ಗಂಟೆಯ ಹೊತ್ತಿಗೆ ಪಡಸಾಲೆಯಲ್ಲಿ ಉಳಿದದ್ದು ಮಹಮೂದಾ, ಅಲ್ಲಾವುದ್ದೀನ ಇಬ್ಬರೇ. ಒಲೆ ಹಚ್ಚದ ಮನೆಗೆ ಸುಶೀಲವ್ವ ಬುಟ್ಟಿಯ ತುಂಬ ರೊಟ್ಟಿ, ಬೇಳೆಯ ಸಾರು, ಅನ್ನ ಕಳಿಸಿದ್ದಳು. ಅಲ್ಲಾವುದ್ದೀನ ಊಟಕ್ಕೆ ಕರೆದರೂ ಏಳದೆ ಗೋಡೆಗೊರಗಿ ಕೂತಿದ್ದ.

“ನೀ ಮುಂದ ಬರ್ತಿ ಅಂದ್ಕೊಂಡಿದ್ದಿಲ್ಲಪಾ,” ಎಂದಳು ಮಹಮೂದಾ.

“ನಾನೂ ಅಂದ್ಕೊಂಡಿದ್ದಿಲ್ಲ.” ಅವನು ತನ್ನ ಅಂಗೈ ನೋಡಿಕೊಂಡ. “ನಮ್ಮಪ್ಪ ಎದಿನೋವಿನಿಂದ ಸತ್ತಿಲ್ರಿ ಅಕ್ಕೋರ.”

ಈ ಸಲ ಅವಳು ಪೂರ್ತಿ ಕೇಳಿಸಿಕೊಂಡಳು.

“ಅಂವನೂ ಹಿಂಗ ಹೋದ. ನನಗ ಹನ್ನೆರಡು ವರ್ಷ. ಕಾಕಾಗೋಳು ನಾಲ್ಕು ಮಂದಿ ಲಗೂನ ಒಯ್ದು ಮುಗಿಸಿ ಬಂದ್ರು. ಹೆಸರು ಕೂಗಸ್ಲಿಲ್ಲ. ಸಾಲು ನಿಲ್ಲಲಿಲ್ಲ. ‘ಯಾರರ ಕೇಳಿದ್ರ ಎದಿನೋವು ಅನ್ನು’ ಅಂತ ನನಗ ಹೇಳಿಕೊಟ್ರು. ಐವತ್ತೊಂದು ವರ್ಷ ಆತು, ಹಂಗ ಅನ್ಕೋಂತ ಬಂದೇನಿ.”

“ಸಕೀನಾಗ?”

“ನಾಲ್ಕು ವರ್ಷದಾಕಿ ಆಗ. ಅಕಿಗೂ ಅದನ್ನ ಹೇಳೇನಿ.” ಅವನು ಕಣ್ಣು ಮುಚ್ಚಿದ. “ಶಮಶೇರಸಾಬರು ಎರಡನೇ ಸರ್ತಿ ಕೇಳಿದಾಗ, ನಮ್ಮಪ್ಪನೂ ಕಾಯಾಕತ್ತಾನ ಅನಸ್ತು. ಮುಂದ ಮಲಗಿದ್ದು ಒಬ್ಬಾಂವ. ನಾ ಬೇಡಿಕೊಂಡಿದ್ದು ಇಬ್ಬರಿಗೆ. ತಪ್ಪು ಮಾಡಿದೆನೋ ಏನೋ.”

ಮಹಮೂದಾ ತಲೆಯೆತ್ತಿದಾಗ ಒಳಗಿನ ಬಾಗಿಲಲ್ಲಿ ಸಕೀನಾ ನಿಂತಿದ್ದಳು. ನಿನ್ನೆಯಿಂದ ಜಾಗ ಬಿಟ್ಟು ಎದ್ದಿರದ ಸಕೀನಾ. ಎಲ್ಲವನ್ನೂ ಕೇಳಿದ್ದಾಳೆಂದು ಅವಳ ಮುಖವೇ ಹೇಳುತ್ತಿತ್ತು. ಅಲ್ಲಾವುದ್ದೀನನೂ ತಿರುಗಿ ನೋಡಿದ.

ಸಕೀನಾ ಮತ್ತೆ ಒಳಗೆ ಹೋದಳು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ ಸದ್ದು, ತಟ್ಟೆಯ ಸದ್ದು. ಹೊರಗೆ ಬಂದು ಅಣ್ಣನ ಎದುರು ನೆಲಕ್ಕೆ ಕೂತಳು. ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿದಳು. ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಅವನ ಕೈಯಲ್ಲಿ ತಟ್ಟೆ ವಾಲಿ ಸಾರು ತುಳುಕತೊಡಗಿದಾಗ, ಅದರ ಕೆಳಗೆ ತನ್ನ ಎರಡೂ ಕೈ ಒಡ್ಡಿ ಹಿಡಿದಳು.